ಅಂಕ ಬತ್ತಿದ ಅಫೆನ್ಸ್: ಹಿಂದಿನ ಸೀಸನ್‌ಗಳ ಜೊತೆ ಹೋಲಿಸಿ ದೋಷ ಹಿಡಿಯುವ ಕ್ರಮ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದು ತಂಡದ ಅಫೆನ್ಸ್ (ಚೆಂಡು ಹಿಡಿದು ಅಂಕ ಗಳಿಸಲು ಆಡುವ ದಳ) ಕುಸಿದಾಗ ಬೈಗುಳ ಮೂರೇ ಕಡೆ ಹೋಗುತ್ತದೆ: ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್, ಪ್ಲೇ (ಒಂದೊಂದು ಸಲದ ಆಟ) ಆರಿಸುವ ಕೋಆರ್ಡಿನೇಟರ್, ಮುಖ್ಯ ಕೋಚ್. ಇದು ದೋಷ ಹುಡುಕುವ ಕ್ರಮ ಅಲ್ಲ. ಕೊಳವೆಬಾವಿಯ ನೀರು ಕಡಿಮೆಯಾಯಿತೆಂದು ಸೀದಾ ಮೋಟರ್ ಎತ್ತಿಸಿದ ಹಾಗೆ. ಕರೆಂಟ್ ಎಷ್ಟು ಬರುತ್ತಿದೆ, ಪೈಪ್ ಎಲ್ಲಿ ಸೋರುತ್ತಿದೆ, ಕೆಳಗೆ ನೀರಾದರೂ ಇದೆಯೇ, ಇದೆಲ್ಲ ನೋಡಿದ ಮೇಲೆ ಮೋಟರ್‌ನ ಸರದಿ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಅಯೋವಾ ವಿಶ್ವವಿದ್ಯಾಲಯದ ತಂಡ. ಇಷ್ಟು ಸ್ಪಷ್ಟವಾಗಿ ಕೆಟ್ಟು, ಅರ್ಧ ರಿಪೇರಿಯಾಗಿ, ಪ್ರತಿ ಹಂತದಲ್ಲೂ ಸಾಕ್ಷಿ ಬಿಟ್ಟುಹೋದ ಅಫೆನ್ಸ್ ಇತ್ತೀಚೆಗೆ ಇನ್ನೊಂದಿಲ್ಲ.

ಲಕ್ಷಣ

ಪ್ರತಿ ಪಂದ್ಯಕ್ಕೆ ಸರಾಸರಿ ಅಂಕ, ಪಕ್ಕದಲ್ಲಿ ಗೆಲುವು–ಸೋಲು:

2019: 25.8 (10–3)
2020: 31.8 (6–2)
2021: 23.4 (10–4)
2022: 17.7 (8–5)
2023: 15.4 (10–4)
2024: 27.7 (8–5)

ಎರಡು ಸಾಲುಗಳೂ ಒಂದಕ್ಕೊಂದು ಮಾತಾಡುತ್ತಲೇ ಇಲ್ಲ ಎಂಬುದನ್ನು ಮೊದಲು ಗಮನಿಸಿ. ಅಂಕ ತೀರಾ ಪಾತಾಳಕ್ಕಿಳಿದ 2023ರಲ್ಲಿ 10 ಗೆಲುವು. ಅಂಕ ಮೇಲೆದ್ದ 2024ರಲ್ಲಿ 8. ಹಾಗಾಗಿ ಗೆಲುವು–ಸೋಲಿನ ಲೆಕ್ಕ ಈ ತಪಾಸಣೆಗೆ ಕೆಲಸಕ್ಕೆ ಬಾರದು, ಬದಿಗಿಡಿ. 2023ರಲ್ಲಿ ಈ ತಂಡ ಪಂದ್ಯಕ್ಕೆ ಗಳಿಸಿದ್ದು 234.6 ಯಾರ್ಡ್, ದೇಶದ ಮೇಲ್ದರ್ಜೆಯ 133 ತಂಡಗಳಲ್ಲಿ ಕೊನೆಯ ಸ್ಥಾನ. ಪೆನ್ ಸ್ಟೇಟ್, ಮಿಷಿಗನ್, ಟೆನೆಸಿ ಈ ಮೂರೂ ತಂಡಗಳೆದುರು ಸೊನ್ನೆ.

ಮೊದಲು ಮೀಟರ್ ಸರಿಯಿದೆಯೇ ನೋಡಿ

ತಂಡದ ಅಂಕ ಬೇರೆ, ಅಫೆನ್ಸ್‌ನ ಅಂಕ ಬೇರೆ. ಡಿಫೆನ್ಸ್ (ಎದುರಾಳಿಯನ್ನು ತಡೆಯುವ ದಳ) ಚೆಂಡು ಕಸಿದುಕೊಂಡು ಓಡಿ ಮಾಡಿದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲಿನ ಗೆರೆ ದಾಟಿಸುವುದು, 6 ಅಂಕ), ಸೇಫ್ಟಿಯ (ಎದುರಾಳಿಯನ್ನು ಚೆಂಡಿನ ಸಮೇತ ಅವರದೇ ಗೋಲಿನ ಗೆರೆಯ ಹಿಂದೆ ಕೆಡವುವುದು) 2 ಅಂಕ, ಪಂಟ್ (ಚೆಂಡು ಬಿಟ್ಟುಕೊಡುವಾಗ ದೂರಕ್ಕೆ ಒದೆಯುವುದು) ಅಥವಾ ಕಿಕಾಫ್ (ಆಟ ಶುರುಮಾಡುವ ಒದೆತ) ಹಿಡಿದು ವಾಪಸ್ ಓಡಿದ ಟಚ್‌ಡೌನ್, ಎಲ್ಲವೂ ಅದೇ ಸ್ಕೋರ್‌ಬೋರ್ಡ್‌ಗೆ ಸೇರುತ್ತವೆ. ನಮ್ಮ ಕ್ರಿಕೆಟ್‌ನಲ್ಲಿ ಎಕ್ಸ್‌ಟ್ರಾಗಳನ್ನು ಬ್ಯಾಟರ್ ಹೆಸರಿಗೆ ಬರೆಯುವುದಿಲ್ಲ. ಇಲ್ಲಿ ಸರಾಸರಿ ಅಂಕ ಎಂದು ಹೇಳುವವರೆಲ್ಲ ಬರೆದುಬಿಡುತ್ತಾರೆ.

2022ರ ನಾಲ್ಕು ಪಂದ್ಯ ತೆಗೆದುಕೊಳ್ಳಿ. ರಟ್ಗರ್ಸ್ ಎದುರು 27 ಅಂಕ. ಅದರಲ್ಲಿ ಎರಡು ಟಚ್‌ಡೌನ್ ಡಿಫೆನ್ಸ್‌ನವು. ಒಹಾಯೊ ಸ್ಟೇಟ್ ಎದುರು 10. ಇದ್ದ ಒಂದೇ ಟಚ್‌ಡೌನ್ ಡಿಫೆನ್ಸ್‌ನದು. ವಿಸ್ಕಾನ್ಸಿನ್ ಎದುರು 24, ಒಂದು ಡಿಫೆನ್ಸ್‌ನದು. ವರ್ಷದ ಕೊನೆಗೆ ಕೆಂಟಕಿ ವಿರುದ್ಧದ ಬೌಲ್ (ಸೀಸನ್ ಕೊನೆಯ ವಿಶೇಷ) ಪಂದ್ಯದಲ್ಲಿ 21; ಎರಡು ಡಿಫೆನ್ಸ್‌ನವು. ಒಟ್ಟು 82 ಅಂಕ. ಡಿಫೆನ್ಸ್‌ನ ಆರು ಟಚ್‌ಡೌನ್, ಹಿಂದೆ ಬಂದ ತಲಾ ಒಂದು ಎಕ್ಸ್‌ಟ್ರಾ ಪಾಯಿಂಟ್ ಸೇರಿ 42. ಅಫೆನ್ಸ್‌ಗೆ ಉಳಿದದ್ದು 40, ಅಂದರೆ ಪಂದ್ಯಕ್ಕೆ ಹತ್ತು. ಆ ಸೀಸನ್ ಶುರುವಾದದ್ದೇ ಸೌತ್ ಡಕೋಟಾ ಸ್ಟೇಟ್ ಎದುರು 7–3 ಗೆಲುವಿನಿಂದ. ಆ 7 ಒಂದು ಟಚ್‌ಡೌನ್ ಅಲ್ಲ: ಒಂದು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದೆಯುವುದು, 3 ಅಂಕ), ಎರಡು ಸೇಫ್ಟಿ.

ಈ ಮೀಟರ್‌ನ ಮೇಲೆಯೇ 2023ರಲ್ಲಿ ಒಂದು ಒಪ್ಪಂದ ನಿಂತಿತ್ತು. ಅಫೆನ್ಸ್ ಕೋಆರ್ಡಿನೇಟರ್ ಬ್ರಯನ್ ಫೆರೆಂಟ್ಸ್ (ಮುಖ್ಯ ಕೋಚ್ ಕರ್ಕ್ ಫೆರೆಂಟ್ಸ್ ಅವರ ಮಗ) ಕೆಲಸ ಉಳಿಸಿಕೊಳ್ಳಲು ತಂಡ 7 ಪಂದ್ಯ ಗೆಲ್ಲಬೇಕು ಮತ್ತು ಪಂದ್ಯಕ್ಕೆ ಸರಾಸರಿ 25 ಅಂಕ ಬರಬೇಕು. ಯಾರು ಗಳಿಸಿದ ಅಂಕವಾದರೂ ನಡೆಯುತ್ತಿತ್ತು, ಡಿಫೆನ್ಸ್‌ನದೂ ಲೆಕ್ಕಕ್ಕೆ. ಅಷ್ಟು ರಿಯಾಯಿತಿ ಕೊಟ್ಟರೂ ಮುಳ್ಳು 25ರ ಹತ್ತಿರ ಹೋಗಲಿಲ್ಲ. ಸೀಸನ್ ಮುಗಿಯುವ ಮೊದಲೇ, ಅಕ್ಟೋಬರ್ 30ರಂದು, ಅವರು ಮುಂದಿನ ವರ್ಷ ಇರುವುದಿಲ್ಲ ಎಂಬ ಪ್ರಕಟಣೆ ಬಂತು.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಮೀಟರ್ ತಪ್ಪು ತೋರಿಸುವ ಇನ್ನೂ ಕೆಲವು ಜಾಗಗಳಿವೆ.

ಸ್ಯಾಕ್. ಕಾಲೇಜು ಲೆಕ್ಕದಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಪಾಸ್ ಎಸೆಯುವ ಮೊದಲೇ ಕೆಡವಿದರೆ ಕಳೆದುಕೊಂಡ ಯಾರ್ಡ್‌ಗಳು ಓಟದ ಖಾತೆಯಿಂದ ಹೋಗುತ್ತವೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪಾಸಿನ ಖಾತೆಯಿಂದ. ಒಂದು ತಂಡ 24 ಬಾರಿ ನಿಜವಾಗಿ ಓಡಿ 110 ಯಾರ್ಡ್ ಗಳಿಸಿತು, 6 ಸ್ಯಾಕ್‌ನಲ್ಲಿ 40 ಕಳೆದುಕೊಂಡಿತು ಎಂದಿಟ್ಟುಕೊಳ್ಳಿ. ಅಂಕಿಪಟ್ಟಿ ಹೇಳುವುದು 30 ಓಟ, 70 ಯಾರ್ಡ್, ಸರಾಸರಿ 2.3. ನಿಜವಾದ ಸರಾಸರಿ 4.6. ಪಾಸ್ ರಕ್ಷಣೆಯ ರೋಗವನ್ನು ಓಟದ ರೋಗವೆಂದು ಓದುವ ಎಡವಟ್ಟು ಹುಟ್ಟುವುದು ಇಲ್ಲಿಂದಲೇ. ಸ್ಯಾಕ್‌ಗಳನ್ನು ಕೈಯಾರೆ ಎತ್ತಿ ಪಾಸಿನ ಕಡೆ ಹಾಕಿದ ಹೊರತು ಮುಂದೆ ಹೋಗಬೇಡಿ.

ಗಡಿಯಾರ. ಹತ್ತು ಯಾರ್ಡ್ ಸಾಗಲು ನಾಲ್ಕು ಯತ್ನ, ಒಂದೊಂದು ಯತ್ನವೂ ಒಂದು ಡೌನ್; ಸಾಗಿದರೆ ಹೊಸದಾಗಿ ಫಸ್ಟ್ ಡೌನ್. 2023ರಿಂದ ಫಸ್ಟ್ ಡೌನ್ ಸಿಕ್ಕಾಗ ಗಡಿಯಾರ ನಿಲ್ಲುವುದಿಲ್ಲ, ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಬಿಟ್ಟು. ಒಂದು ಪಂದ್ಯದಲ್ಲಿ ಆಡಲು ಸಿಗುವ ಪ್ಲೇಗಳು ಇದರಿಂದ ಕಡಿಮೆಯಾದವು. 2022ರ ಪಂದ್ಯವಾರು ಮೊತ್ತವನ್ನು 2023ರ ಪಕ್ಕದಲ್ಲಿ ಹಾಗೇ ಇಡುವುದು 50 ಓವರ್ ಸ್ಕೋರನ್ನು 47 ಓವರ್ ಸ್ಕೋರಿನ ಜೊತೆ ಇಟ್ಟಂತೆ.

ಓವರ್‌ಟೈಮ್. ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) 2018ರಲ್ಲಿ ಪಂದ್ಯಕ್ಕೆ 32.4 ಅಂಕ ಗಳಿಸಿತು. ಆ ಲೆಕ್ಕದೊಳಗೆ ಟೆಕ್ಸಾಸ್ ಎ ಅಂಡ್ ಎಮ್ ವಿರುದ್ಧ 74–72ರಲ್ಲಿ ಸೋತ, ಏಳು ಓವರ್‌ಟೈಮ್‌ಗಳ ಪಂದ್ಯ ಕೂತಿದೆ. ನಿಗದಿತ ಸಮಯ ಮುಗಿದಾಗ ಸ್ಕೋರ್ 31–31. ಆಗಿನ ನಿಯಮದಲ್ಲಿ ಪ್ರತಿ ಓವರ್‌ಟೈಮ್‌ನಲ್ಲೂ ಚೆಂಡು ಶುರುವಾಗುತ್ತಿದ್ದದ್ದೇ ಎದುರಾಳಿಯ 25 ಯಾರ್ಡ್ ಗೆರೆಯಿಂದ. ಅಲ್ಲಿ ಸಿಕ್ಕ 41 ಅಂಕ ತೆಗೆದರೆ 13 ಪಂದ್ಯಗಳ ಸರಾಸರಿ 29.2ಕ್ಕೆ ಇಳಿಯುತ್ತದೆ.

ತೀರಾ ಹಳೆಯ ದಾಖಲೆ ನೋಡುವವರಿಗೆ ಇನ್ನೊಂದು: ಬೌಲ್ ಪಂದ್ಯಗಳ ಅಂಕಿಗಳು ಎನ್‌ಸಿಎಎ (ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ಸೀಸನ್ ಲೆಕ್ಕಕ್ಕೆ ಸೇರತೊಡಗಿದ್ದು 2002ರಿಂದ ಮಾತ್ರ.

ಯಾವ ವರ್ಷಕ್ಕೆ ಹೋಲಿಸುತ್ತೀರಿ?

ಎಲ್‌ಎಸ್‌ಯು 2019ರಲ್ಲಿ 15 ಪಂದ್ಯಗಳಲ್ಲಿ 726 ಅಂಕ ಗಳಿಸಿತು, ಸರಾಸರಿ 48.4. ಮರುವರ್ಷ 32.0. ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ. ಆದರೆ 2018ರ 32.4 ಪಕ್ಕದಲ್ಲಿಟ್ಟರೆ ಬಿದ್ದದ್ದೇನೂ ಇಲ್ಲ. ಕ್ವಾರ್ಟರ್‌ಬ್ಯಾಕ್ ಜೋ ಬರೋ ಒಂದೇ ಸೀಸನ್‌ನಲ್ಲಿ 60 ಟಚ್‌ಡೌನ್ ಪಾಸ್ ಎಸೆದ ವರ್ಷವೇ ಅಪವಾದ. ಇಂಥ ವರ್ಷವನ್ನು ಮಾಮೂಲಿ ಎಂದು ಹಿಡಿದರೆ ಆಮೇಲಿನ ಪ್ರತಿ ವರ್ಷವೂ ರೋಗಿಯೇ. ಕನಿಷ್ಠ ನಾಲ್ಕು ವರ್ಷ ತೆಗೆದುಕೊಳ್ಳಿ, ಅತಿ ಮೇಲಿನದನ್ನೂ ಅತಿ ಕೆಳಗಿನದನ್ನೂ ಬಿಟ್ಟು ನಡುವಿನವನ್ನು ಆಧಾರವಾಗಿ ಇಡಿ.

ಅಯೋವಾದ 2020ರ 31.8 ಕೂಡ ಎಂಟೇ ಪಂದ್ಯಗಳದ್ದು, ಕೋವಿಡ್ ವರ್ಷದ್ದು. ಆದರೆ ಎಂಟೂ ಬಿಗ್ ಟೆನ್ (ಅಯೋವಾ ಇರುವ ಲೀಗ್) ಒಳಗಿನ ಪಂದ್ಯಗಳೇ. ಸೆಪ್ಟೆಂಬರ್‌ನಲ್ಲಿ ಸಣ್ಣ ತಂಡವೊಂದನ್ನು ಕರೆಸಿ ಹೊಡೆದ 48 ಅಂಕ ಅದರಲ್ಲಿಲ್ಲ. ಹಾಗಾಗಿ ಆ ಸಂಖ್ಯೆ ಕಾಣುವುದಕ್ಕಿಂತ ಗಟ್ಟಿ.

ಡ್ರೈವ್ ಲೆಕ್ಕ

ಮೀಟರ್ ಸರಿಮಾಡಿದ ಮೇಲೆ ಪಂದ್ಯವನ್ನು ಮರೆತು ಡ್ರೈವ್ ಎಣಿಸಿ. ಚೆಂಡು ಕೈಗೆ ಸಿಕ್ಕಾಗಿನಿಂದ ಬಿಟ್ಟುಕೊಡುವವರೆಗೆ ಒಂದು ಡ್ರೈವ್. ಮಂಡಿಯೂರಿ ಸಮಯ ಕಳೆದ ಡ್ರೈವ್‌ಗಳನ್ನೂ, ಅರ್ಧ ಮುಗಿಯಲು ಕೆಲವೇ ಸೆಕೆಂಡ್ ಇದ್ದಾಗ ಸಿಕ್ಕವನ್ನೂ ತೆಗೆದುಹಾಕಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅಂತರ 21 ದಾಟಿದ ಮೇಲಿನ ಆಟವನ್ನೂ ಬಿಡಿ. ಆಗ ಎರಡೂ ಕಡೆ ಮೀಸಲು ಆಟಗಾರರು ಇಳಿದಿರುತ್ತಾರೆ. ಉಳಿದವುಗಳಲ್ಲಿ ಅಫೆನ್ಸ್ ಗಳಿಸಿದ ಅಂಕವನ್ನು ಡ್ರೈವ್ ಸಂಖ್ಯೆಯಿಂದ ಭಾಗಿಸಿ. ಕೈಅಂದಾಜಿಗೆ: 3ರ ಮೇಲಿದ್ದರೆ ಉತ್ತಮ, 2ರ ಆಸುಪಾಸು ಸಾಧಾರಣ, 1.5ಕ್ಕಿಂತ ಕೆಳಗೆ ಕಾಯಿಲೆ.

ಪ್ರತಿ ಡ್ರೈವ್ ಎದುರು ಅದು ಎಲ್ಲಿಂದ ಶುರುವಾಯಿತು ಎಂದೂ ಬರೆಯಿರಿ. ಅಯೋವಾದಂಥ ತಂಡಕ್ಕೆ ಈ ಅಂಕಣವೇ ಮುಖ್ಯ. 2023ರಲ್ಲಿ ಪಂಟರ್ ಟೋರಿ ಟೇಲರ್ 93 ಬಾರಿ ಒದ್ದು 4,479 ಯಾರ್ಡ್ ಕಳಿಸಿದರು. ಒಂದೇ ಸೀಸನ್‌ಗೆ ಅದು ಎನ್‌ಸಿಎಎ ದಾಖಲೆ. ಎದುರಾಳಿಯನ್ನು ಅವರದೇ ಗೋಲಿನ ಮೂಲೆಗೆ ಒತ್ತಿ, ಡಿಫೆನ್ಸ್ ಅಲ್ಲೇ ಕಟ್ಟಿಹಾಕಿ, ಚೆಂಡು ಮೈದಾನದ ನಡುವಿನಲ್ಲಿ ವಾಪಸ್ ಸಿಕ್ಕರೆ ಅಫೆನ್ಸ್ 20 ಯಾರ್ಡ್ ಸಾಗಿದರೂ ಫೀಲ್ಡ್ ಗೋಲ್ ದೂರಕ್ಕೆ ಬರುತ್ತದೆ. ಚೆಂಡು ನಿಂತ ಗೆರೆಗೆ 17 ಯಾರ್ಡ್ ಸೇರಿಸಿದರೆ ಒದೆಯಬೇಕಾದ ದೂರ. ಎದುರಾಳಿಯ 30ರ ಗೆರೆಯಿಂದ 47 ಯಾರ್ಡ್ ಕಿಕ್. ಹೀಗೆ ಸಿಕ್ಕ ಮೂರು ಅಂಕ ಅಫೆನ್ಸ್ ಖಾತೆಗೆ ಬಿದ್ದರೂ ಮುಕ್ಕಾಲು ಪಾಲು ದುಡಿಮೆ ಬೇರೆಯವರದು. ಸ್ವಂತ 30ರ ಗೆರೆಗಿಂತ ಹಿಂದಿನಿಂದ ಶುರುವಾದ ಡ್ರೈವ್‌ಗಳನ್ನಷ್ಟೇ ಬೇರೆ ಮಾಡಿ ಮತ್ತೊಮ್ಮೆ ಭಾಗಿಸಿ. ಎರಡು ಉತ್ತರಗಳ ನಡುವಿನ ವ್ಯತ್ಯಾಸ ದೊಡ್ಡದಾದಷ್ಟೂ ಅಫೆನ್ಸ್ ಪರರ ಬೆನ್ನ ಮೇಲೆ ಸವಾರಿ ಮಾಡುತ್ತಿದೆ ಎಂದರ್ಥ.

ಸೋರಿಕೆ ಎಷ್ಟನೇ ಡೌನ್‌ನಲ್ಲಿ?

ಪ್ರತಿ ಪ್ಲೇಗೆ ಸಫಲ ಅಥವಾ ವಿಫಲ ಎಂದು ಗುರುತು ಹಾಕಿ. ಬೇಕಾದ ದೂರದಲ್ಲಿ ಮೊದಲ ಡೌನ್‌ನಲ್ಲಿ ಶೇ 50, ಎರಡನೆಯದರಲ್ಲಿ ಶೇ 70, ಮೂರು–ನಾಲ್ಕರಲ್ಲಿ ಪೂರ್ತಿ ಸಿಕ್ಕರೆ ಸಫಲ. ಹತ್ತು ಯಾರ್ಡ್ ಬೇಕಿದ್ದಾಗ ಮೊದಲ ಡೌನ್‌ನಲ್ಲಿ 5 ಸಿಕ್ಕರೆ ಸಫಲ, 4 ಸಿಕ್ಕರೆ ವಿಫಲ.

ಮೂರನೇ ಡೌನ್ ವೈಫಲ್ಯ ಎಲ್ಲರ ಕಣ್ಣಿಗೂ ಬೀಳುತ್ತದೆ, ಏಕೆಂದರೆ ಆಮೇಲೆ ಪಂಟ್ ತಂಡ ಮೈದಾನಕ್ಕೆ ಬರುತ್ತದೆ. ದೋಷ ಬಹಳ ಸಲ ಎರಡು ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರುಮಾಡುವುದು) ಹಿಂದಿರುತ್ತದೆ. ಮೂರನೇ ಡೌನ್‌ಗಳನ್ನು ಬೇಕಾದ ಯಾರ್ಡ್ ನೋಡಿ 1–3, 4–6, 7 ಅಥವಾ ಹೆಚ್ಚು ಎಂದು ಮೂರು ಗುಂಪು ಮಾಡಿ. ಏಳು ಅಥವಾ ಹೆಚ್ಚಿನ ಗುಂಪು ಊದಿಕೊಂಡಿದ್ದರೆ ಮೊದಲ ಡೌನ್ ಹಾಳಾಗಿದೆ, ಅಲ್ಲಿಗೆ ಹೋಗಿ. 1–3 ಗುಂಪಿನಲ್ಲೇ ಸೋಲುತ್ತಿದ್ದರೆ ಲೈನ್ (ಮುಂದೆ ನಿಂತು ಎದುರಾಳಿಯನ್ನು ತಡೆಯುವ ಅಫೆನ್ಸ್ ಆಟಗಾರರ ಸಾಲು) ತಳ್ಳುತ್ತಿಲ್ಲ ಅಥವಾ ಎಲ್ಲರಿಗೂ ಗೊತ್ತಿರುವ ಓಟವನ್ನೇ ಕರೆಯುತ್ತಿದ್ದಾರೆ.

ಸರಾಸರಿಯನ್ನು ನಂಬಬೇಡಿ, ಒಂದು ದೊಡ್ಡ ಓಟ ಇಡೀ ಪಂದ್ಯದ ಬಣ್ಣ ಬದಲಿಸುತ್ತದೆ. 2023ರಲ್ಲಿ ವಿಸ್ಕಾನ್ಸಿನ್ ವಿರುದ್ಧ 15–6 ಗೆದ್ದಾಗ ಲೆಶಾನ್ ವಿಲಿಯಮ್ಸ್ 25 ಓಟದಲ್ಲಿ 174 ಯಾರ್ಡ್ ಗಳಿಸಿದರು, ಸರಾಸರಿ 7ರ ಹತ್ತಿರ. ಅದರಲ್ಲಿ ಒಂದು ಓಟ 82 ಯಾರ್ಡ್. ಉಳಿದ 24ರಲ್ಲಿ 92, ಅಂದರೆ 3.8. ಎರಡನ್ನೂ ಬರೆದಿಡಿ: 82 ಸುಳ್ಳಲ್ಲ, ಆದರೆ ಅದು ಪ್ರತಿ ವಾರ ಬರುವುದಿಲ್ಲ. ಇನ್ನೊಂದು ತುದಿಗೆ ಅದೇ ವರ್ಷದ ಪೆನ್ ಸ್ಟೇಟ್ ಪಂದ್ಯ: 33 ಪ್ಲೇ, 76 ಯಾರ್ಡ್, ಎದುರಾಳಿ ಆಡಿದ ಪ್ಲೇಗಳು 97. ಇಲ್ಲಿ ಹುಡುಕಲು ಏನೂ ಇಲ್ಲ, ಎಲ್ಲ ಡೌನ್‌ನಲ್ಲೂ ಸೋರುತ್ತಿತ್ತು.

ಕೈಜಾರಿದ ಚೆಂಡುಗಳನ್ನು ಬೇರೆ ಎಣಿಸಿ. ನೆಲಕ್ಕೆ ಬಿದ್ದ ಚೆಂಡು ಯಾರಿಗೆ ಸಿಗುತ್ತದೆ ಎಂಬುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಎಷ್ಟು ಸಲ ಬೀಳಿಸಿದರು ಎಂಬುದು ದೋಷ. ಎಷ್ಟು ಸಲ ಕಳೆದುಕೊಂಡರು ಎಂಬುದರಲ್ಲಿ ಅದೃಷ್ಟದ ಪಾಲಿದೆ.

ಯಾವ ಭಾಗ?

ಈಗ ವಿಡಿಯೋ. ಟಿವಿ ಕೋನ ಸಾಲದು, 22 ಆಟಗಾರರೂ ಕಾಣುವ ಮೇಲಿನ ಕೋನ ಸಿಕ್ಕರೆ ಒಳ್ಳೆಯದು. ಕೈಯಲ್ಲಿ ಒಂದು ಸ್ಟಾಪ್‌ವಾಚ್ ಇರಲಿ.

ಪಾಸಿಗೆ: ಸ್ನ್ಯಾಪ್‌ನಿಂದ ಸಮಯ ಹಿಡಿಯಿರಿ. 2.5 ಸೆಕೆಂಡ್ ಒಳಗೆ ಡಿಫೆಂಡರ್ ಕ್ವಾರ್ಟರ್‌ಬ್ಯಾಕ್ ಮೈಮೇಲಿದ್ದರೆ ಲೈನ್, ಇಲ್ಲವೇ ಯಾರು ಯಾರನ್ನು ತಡೆಯಬೇಕೆಂಬ ಹಂಚಿಕೆಯ ತಪ್ಪು. 3 ಸೆಕೆಂಡ್ ದಾಟಿಯೂ ಚೆಂಡು ಕೈಯಲ್ಲಿದ್ದರೆ ಚಿತ್ರ ನಿಲ್ಲಿಸಿ ಪಾಸ್ ಹಿಡಿಯುವ ರಿಸೀವರ್‌ಗಳನ್ನು ನೋಡಿ: ಯಾರಾದರೂ ಬಿಡುವಾಗಿದ್ದರೆ ಕ್ವಾರ್ಟರ್‌ಬ್ಯಾಕ್ ಕಂಡಿಲ್ಲ, ಯಾರೂ ಇಲ್ಲದಿದ್ದರೆ ರಿಸೀವರ್ ಅಥವಾ ಪ್ಲೇಯ ವಿನ್ಯಾಸ. ಚೆಂಡು ಸಮಯಕ್ಕೆ ಹೊರಟೂ ದಾರಿ ತಪ್ಪಿದರೆ ಕ್ವಾರ್ಟರ್‌ಬ್ಯಾಕ್‌ನ ಕೈ.

ಓಟಕ್ಕೆ: ಓಡುವವನಿಗೆ ಮೊದಲ ಸ್ಪರ್ಶ ಎಲ್ಲಾಯಿತು ನೋಡಿ. ಗೆರೆಯ ಹಿಂದೆಯೇ ಆದರೆ ಲೈನ್. ಮೂರು–ನಾಲ್ಕು ಯಾರ್ಡ್ ಮುಂದೆ ಮುಟ್ಟಿದ ಕೂಡಲೇ ಬಿದ್ದರೆ ಓಡುವವನು. ಅದಕ್ಕೂ ಮೊದಲು ಮುಂದಿನ ಸಾಲಿನ ಹತ್ತಿರ ಎಷ್ಟು ಡಿಫೆಂಡರ್‌ಗಳಿದ್ದಾರೆ ಎಣಿಸಿ. ಎಂಟು ಜನ ನಿಂತಿದ್ದರೆ, ತಡೆಯಲು ಏಳು ಮಂದಿಯಷ್ಟೇ ಇದ್ದರೆ, ಆ ಓಟ ಸೋತದ್ದು ಲೈನ್‌ನ ತಪ್ಪಲ್ಲ. ಪಾಸಿಗೆ ಯಾರೂ ಹೆದರುತ್ತಿಲ್ಲ ಎಂಬುದರ ಬೆಲೆ. 2023ರ ಅಯೋವಾದಲ್ಲಿ ಓಟ ಮತ್ತು ಪಾಸ್ ಹೀಗೇ ಒಂದನ್ನೊಂದು ಕೆಳಗೆಳೆದವು.

ಬಳಿಕ ಭಾಗಗಳ ಕಾಲಪಟ್ಟಿ ಬರೆದುಕೊಳ್ಳಿ, ಯಾರು ಯಾವಾಗ ಹೋದರು ಎಂದು. ಲೈನ್‌ನ ನಡುವೆ ನಿಲ್ಲುವ ಸೆಂಟರ್ ಟೈಲರ್ ಲಿಂಡರ್‌ಬಾಮ್ 2021ರ ಸೀಸನ್ ಮುಗಿಸಿ ಹೋದರು, ಎನ್‌ಎಫ್‌ಎಲ್ ಡ್ರಾಫ್ಟ್‌ನ (ಹೊಸ ಆಟಗಾರರ ಆಯ್ಕೆ) ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಮರುವರ್ಷವೇ 17.7. ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಪಾಸನ್ನೂ ಹಿಡಿಯುವ ಆಟಗಾರ) ಸ್ಯಾಮ್ ಲಪೋರ್ಟಾ 2022ರ ಬಳಿಕ ಹೋದರು. ಬದಲಿಗೆ ನಂಬಿದ್ದ ಲ್ಯೂಕ್ ಲ್ಯಾಚಿ 2023ರ ಸೆಪ್ಟೆಂಬರ್ 16ರಂದು, ಕ್ವಾರ್ಟರ್‌ಬ್ಯಾಕ್ ಕೇಡ್ ಮೆಕ್‌ನಮಾರಾ ಸೆಪ್ಟೆಂಬರ್ 30ರಂದು, ಇನ್ನೊಬ್ಬ ಟೈಟ್ ಎಂಡ್ ಎರಿಕ್ ಆಲ್ ಅಕ್ಟೋಬರ್ 14ರಂದು ಗಾಯಗೊಂಡರು. ಎರಡೆರಡು ವಾರಕ್ಕೊಂದು. ಪಾಸಿನಾಟವನ್ನೇ ಟೈಟ್ ಎಂಡ್ ಮೇಲೆ ಕಟ್ಟಿದ ತಂಡಕ್ಕೆ ಇದು ಸಣ್ಣ ಪೆಟ್ಟಲ್ಲ. ಉಳಿದ ಸೀಸನ್ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ ಡೀಕನ್ ಹಿಲ್ ಅವರ ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು ಶೇ 49ಕ್ಕಿಂತ ಕಡಿಮೆ. ಆದರೆ ಕುಸಿತ 2021ರಲ್ಲೇ ಶುರುವಾಗಿತ್ತು. 2023ರ ಗಾಯಗಳು 2022ಕ್ಕೆ ಕಾರಣವಾಗಲಾರವು. ಕಾಲಪಟ್ಟಿ ಬರೆಯುವುದು ಈ ತಪ್ಪನ್ನು ಹಿಡಿಯಲಿಕ್ಕೇ.

ಭಾಗ ಬದಲಿಸಿ ನೋಡುವ ಪರೀಕ್ಷೆ

ಬಲ್ಬ್ ಉರಿಯದಿದ್ದರೆ ಬೇರೆ ಹೋಲ್ಡರ್‌ಗೆ ಹಾಕಿ ನೋಡುತ್ತೇವಲ್ಲ, ಅದೇ. ಹಿಂದೆ ಕಾಲೇಜು ಆಟದಲ್ಲಿ ಇದು ಕಷ್ಟವಿತ್ತು: ತಂಡ ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಕೂರಬೇಕಿತ್ತು. 2021ರಲ್ಲಿ ಆ ನಿಯಮ ಸಡಿಲವಾದ ಮೇಲೆ ಪ್ರತಿ ವರ್ಷ ಈ ಪರೀಕ್ಷೆ ತಾನಾಗಿಯೇ ನಡೆಯುತ್ತದೆ.

ರಿಸೀವರ್ ಚಾರ್ಲಿ ಜೋನ್ಸ್ 2021ರಲ್ಲಿ ಅಯೋವಾದಲ್ಲಿ ಹಿಡಿದದ್ದು 21 ಪಾಸ್. 2022ರಲ್ಲಿ ಪರ್ಡ್ಯೂಗೆ ಹೋದರು. ಅದೇ ಬಿಗ್ ಟೆನ್, ಅದೇ ಮಟ್ಟದ ಎದುರಾಳಿಗಳು. ಹಿಡಿದದ್ದು 110, ಯಾರ್ಡ್ 1,361, ಟಚ್‌ಡೌನ್ 12. ಬಲ್ಬ್ ಕೆಟ್ಟಿರಲಿಲ್ಲ.

ಇನ್ನೊಂದು ದಿಕ್ಕಿನಿಂದ ಮೆಕ್‌ನಮಾರಾ. ಮಿಷಿಗನ್‌ನಲ್ಲಿ 2021ರಲ್ಲಿ ಶೇ 64 ಪಾಸ್ ಮುಟ್ಟಿಸಿ, ಬಿಗ್ ಟೆನ್ ಫೈನಲ್‌ನಲ್ಲಿ ಇದೇ ಅಯೋವಾವನ್ನು 42–3ರಿಂದ ಸೋಲಿಸಿದವರು. ಅಯೋವಾಕ್ಕೆ ಬಂದ ಮೇಲೆ 2023ರ ಐದು ಪಂದ್ಯಗಳಲ್ಲಿ ಶೇ 51. ಇಲ್ಲಿ ಅವಸರದ ತೀರ್ಪು ಬೇಡ: ಅವರು ಸೀಸನ್‌ಗೆ ಮೊದಲೇ ತೊಡೆಯ ಸ್ನಾಯು ನೋವಿನಲ್ಲಿದ್ದರು, ಅಂದರೆ ಬಂದ ಭಾಗವೇ ಪೂರ್ತಿ ಗಟ್ಟಿ ಇರಲಿಲ್ಲ. ಒಬ್ಬರ ಪರೀಕ್ಷೆ ಸಾಲದು. ಹೊರಗೆ ಹೋದವರು ಚೆನ್ನಾಗಿ ಆಡಿ, ಒಳಗೆ ಬಂದವರು ಸೊರಗಿದರೆ ಮಾತ್ರ ಹೋಲ್ಡರ್ ಬಿಚ್ಚಿ.

ಬಹಳ ಭಾಗ ಒಟ್ಟಿಗೆ ಬದಲಾದಾಗ ಈ ಪರೀಕ್ಷೆ ಕೈಕೊಡುತ್ತದೆ. 2020ರ ಎಲ್‌ಎಸ್‌ಯುನಲ್ಲಿ ಬರೋ ಇಲ್ಲ, ಪಾಸಿನಾಟ ರೂಪಿಸಿದ ಜೋ ಬ್ರೇಡಿ ಇಲ್ಲ, ರಿಸೀವರ್ ಜಸ್ಟಿನ್ ಜೆಫರ್ಸನ್ ಇಲ್ಲ, ಇನ್ನೊಬ್ಬ ರಿಸೀವರ್ ಜಮಾರ್ ಚೇಸ್ ಆ ವರ್ಷ ಆಡುವುದಿಲ್ಲ ಎಂದರು. ಯಾರ ಅನುಪಸ್ಥಿತಿಗೆ ಎಷ್ಟು ಅಂಕ ಎಂದು ಬಿಡಿಸಿ ಹೇಳುವವರು ಊಹಿಸುತ್ತಿದ್ದಾರೆ ಅಷ್ಟೆ.

ರಿಪೇರಿಯಾದ ಮೇಲೆ ಮತ್ತೆ ಅಳೆಯಿರಿ

2024ರಲ್ಲಿ ಟಿಮ್ ಲೆಸ್ಟರ್ ಕೋಆರ್ಡಿನೇಟರ್ ಆದರು. ಸ್ನ್ಯಾಪ್‌ಗೆ ಮೊದಲು ಆಟಗಾರರನ್ನು ಅತ್ತಿಂದಿತ್ತ ಓಡಿಸಿ ಡಿಫೆನ್ಸನ್ನು ಗೊಂದಲಗೊಳಿಸುವುದು ಎದ್ದು ಕಾಣುವಷ್ಟು ಹೆಚ್ಚಿತು. 2023ರಲ್ಲಿ 463 ಯಾರ್ಡ್ ಓಡಿದ್ದ ಕೇಲಬ್ ಜಾನ್ಸನ್ ಈಗ 1,537 ಓಡಿದರು, ಓಟದಲ್ಲೇ 21 ಟಚ್‌ಡೌನ್. ಸರಾಸರಿ 15.4ರಿಂದ 27.7. ಕೋಆರ್ಡಿನೇಟರೇ ದೋಷ ಎಂದವರು ಬೀಗಿದರು.

ಆದರೆ ಮೇಲಿನ ಕ್ರಮವನ್ನೇ ಮತ್ತೆ ಹಿಡಿಯಿರಿ. 2024ರ 27.7ರಲ್ಲೂ ಬೇರೆಯವರ ಅಂಕಗಳಿವೆ: ಮಿಸ್ಸೂರಿ ವಿರುದ್ಧದ ಬೌಲ್ ಪಂದ್ಯದ 24ರಲ್ಲಿ ಒಂದು ಟಚ್‌ಡೌನ್ ಕೇಡನ್ ವೆಟ್ಜನ್ ಕಿಕಾಫ್ ಹಿಡಿದು 100 ಯಾರ್ಡ್ ಓಡಿದ್ದು. ಜಾನ್ಸನ್ 2023ರಲ್ಲಿ ಗಾಯದಿಂದ ಅರೆಬರೆ ಆಡಿದ್ದವರು, ಲೈನ್‌ನ ಹುಡುಗರಿಗೆ ಒಂದು ವರ್ಷ ಹೆಚ್ಚಿನ ಅನುಭವ ಬಂದಿತ್ತು. ಪಾಸಿನ ಯಾರ್ಡ್‌ಗಳಲ್ಲಂತೂ ತಂಡ ಆಗಲೂ ದೇಶದ ತಳದ ಸಾಲಿನಲ್ಲೇ ಇತ್ತು. ಅಂದರೆ ಓಟದ ಅರ್ಧ ರಿಪೇರಿಯಾಯಿತು, ಪಾಸಿನ ಅರ್ಧ ಹಾಗೇ ಉಳಿಯಿತು. ಎರಡಕ್ಕೂ ಬೇರೆ ಬೇರೆ ಕಡತ ಇಡಿ. ಒಂದೇ ಸರಾಸರಿಯಲ್ಲಿ ಕಲಸಿದರೆ ಕಾಯಿಲೆ ವಾಸಿಯಾದಂತೆ ಕಾಣುತ್ತದೆ.

ಆ ಖಾಲಿ ಅರ್ಧಕ್ಕೆ 2025ರಲ್ಲಿ ತಂದ ಭಾಗ ಕ್ವಾರ್ಟರ್‌ಬ್ಯಾಕ್ ಮಾರ್ಕ್ ಗ್ರೊನೌಸ್ಕಿ, ಬಂದದ್ದು ಸೌತ್ ಡಕೋಟಾ ಸ್ಟೇಟ್‌ನಿಂದ. 2022ರ ಆ 7–3 ಪಂದ್ಯದಲ್ಲಿ ಮೂರರ ಕಡೆಗೆ ಆಡಿದ್ದವರು ಅವರೇ. 2025ರ ಕಡತ ತೆರೆಯುವವರು ಪಾಸಿನ ಹಾಳೆಯಿಂದ ಶುರುಮಾಡಲಿ, ಸ್ಯಾಕ್‌ಗಳನ್ನು ಸರಿಯಾದ ಖಾತೆಗೆ ಹಾಕಿದ ಮೇಲೆ.